ಬಡಗು ದಿಕ್ಕಿಗೆ ಬೇಲಿ ಇಲ್ಲ

ನಾನು ದಸ್ತಾವೇಜು ಬರೆಯುವವ. ಮೂಡಬಿದಿರೆಯ ಬಸ್ ನಿಲ್ದಾಣದ ಮಗ್ಗುಲಲ್ಲಿ, ತಗಡಿನ ಮಾಡಿನ ಒಂದು ಗೂಡಂಗಡಿಯಲ್ಲಿ ಕುಳಿತು ಮೂವತ್ತು ವರ್ಷದಿಂದ ಜನರ ಜಾಗಕ್ಕೆ ಗಡಿ ಬರೆದು ಕೊಡುತ್ತಿದ್ದೇನೆ. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ಮರಣಶಾಸನ. ಈಗ ಎಲ್ಲ ಕಂಪ್ಯೂಟರಿಗೆ ಬಂದಿದೆ. ಆದರೂ ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ ಬರೆಯುವಾಗ ಜನ ನನ್ನ ಹತ್ತಿರವೇ ಬರುತ್ತಾರೆ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: "ಎಡ ಬಲ ಅಂತ ಯಾವತ್ತೂ ಬರೀಬೇಡ. ಅದು ನಿಂತವನ ಲೆಕ್ಕ. ನಿಂತವ ತಿರುಗಿದ್ರೆ ಜಾಗ ಕೋರ್ಟಿಗೆ ಹೋಗ್ತದೆ. ಮೂಡು, ಪಡು, ತೆಂಕು, ಬಡಗು. ಇಷ್ಟೇ ನಿನ್ನ ಬಾಯಲ್ಲಿ ಬರ್ಬೇಕು."

ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರವನ್ನು ನಾವು ಹಾಗೆ ಕರೆಯುವುದು. ಆ ಪಾಠ ನನ್ನ ಮೈಗೆ ಎಷ್ಟು ಹತ್ತಿತೆಂದರೆ ಮನೆಯಲ್ಲಿ ಊಟಕ್ಕೆ ಕೂತಾಗ ಕೂಡ "ಉಪ್ಪಿನಕಾಯಿ ತೆಂಕು ಬದಿಯಲ್ಲಿ ಉಂಟು" ಎನ್ನುತ್ತೇನೆ. ಹೆಂಡತಿ ಮೊದಮೊದಲು ನಗುತ್ತಿದ್ದಳು, ಈಗ ಕೇಳದವಳ ಹಾಗೆ ಇರುತ್ತಾಳೆ. ನಿರುಪದ್ರವಿ ಚಾಳಿ ಎಂದು ನಾನೂ ತಿಳಿದಿದ್ದೆ. ಈ ಚಾಳಿಯಿಂದ ಒಬ್ಬ ಮನುಷ್ಯನಿಗೆ ಏನಾಯಿತು ಎಂದು ಬರೆಯಲು ಕೂತಿದ್ದೇನೆ.

ಆ ಮನುಷ್ಯ ಬಸ್ಸಿನ ಡ್ರೈವರು. ಬಿ.ಸಿ. ರೋಡಿನಿಂದ ಹೊರಟು ಸಿದ್ಧಕಟ್ಟೆಯ ಮೇಲಾಗಿ ಮೂಡಬಿದಿರೆಗೆ, ಅಲ್ಲಿಂದ ವೇಣೂರು ದಾಟಿ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸು. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು, ಅರವತ್ತರ ಹತ್ತಿರದ ವಯಸ್ಸು. ಲೈನಿನ ಜನರೆಲ್ಲ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಹಾಗೆಯೇ. ದಸ್ತಾವೇಜು ಬರೆಯುವವನಾದ್ದರಿಂದ ಅವರು ನನ್ನನ್ನು ರೈಟ್ರೇ ಎನ್ನುತ್ತಿದ್ದರು. ಹನ್ನೆರಡು ಹತ್ತಕ್ಕೆ ಬಸ್ಸು ಬರುತ್ತಿತ್ತು, ಹನ್ನೆರಡು ಐವತ್ತಕ್ಕೆ ಹೊರಡುತ್ತಿತ್ತು. ಈ ನಲವತ್ತು ನಿಮಿಷದಲ್ಲಿ ಹತ್ತು ನಿಮಿಷ ಬುತ್ತಿ ಊಟಕ್ಕೆ, ಉಳಿದ ಅರ್ಧ ಗಂಟೆ ನನ್ನ ಅಂಗಡಿಯ ಬೆಂಚಿನ ಮೇಲೆ ಚೆಸ್ಸಿಗೆ. ಬೆಂಚಿನ ಪಡು ತುದಿಯಲ್ಲಿ ಅವರು, ಮೂಡಕ್ಕೆ ಮುಖ, ಎದುರಿಗೆ ಅವರ ಬಸ್ಸು ಕಾಣಬೇಕು. ಮೂಡು ತುದಿಯಲ್ಲಿ ನಾನು, ಬಸ್ಸಿಗೆ ಬೆನ್ನು. ಏಳು ವರ್ಷದಲ್ಲಿ ಈ ಜಾಗ ಬದಲಾಗಿರಲಿಲ್ಲ. ಕಂಡಕ್ಟರ್ ವಿಸಿಲ್ ಊದಿದರೆ ಆಟ ಅಲ್ಲಿಗೆ ನಿಲ್ಲುತ್ತಿತ್ತು. ಬೋರ್ಡನ್ನು ಅಲುಗಿಸದೆ ಎತ್ತಿ ಕಪಾಟಿನ ಮೇಲಿಟ್ಟರೆ ಮರುದಿನ ಮಧ್ಯಾಹ್ನ ಅಲ್ಲಿಂದಲೇ ಮುಂದೆ.

ಕಾಕ ಚೆಸ್ ಕಲಿತದ್ದು ಗಲ್ಫಿನಲ್ಲಿ. ಹದಿನೈದು ವರ್ಷ ಟ್ರೈಲರ್ ಓಡಿಸಿದವರು. ಲೋಡಿಗಾಗಿ ಎರಡು ದಿನ, ಮೂರು ದಿನ ಯಾರ್ಡಿನಲ್ಲಿ ಕಾಯುವಾಗ ಬೇರೆ ಬೇರೆ ದೇಶದ ಡ್ರೈವರುಗಳೊಂದಿಗೆ ಆಡಿದ್ದು. "ಅವನ ಭಾಷೆ ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುವುದಿಲ್ಲ. ಆಗ ಎಂತ ಮಾಡುವುದು? ಮುಖ ಓದುವುದು" ಎನ್ನುತ್ತಿದ್ದರು. ಆಡುವಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಕೈ ಹೊರಗೆ ಇದ್ದರೆ ತಲೆಗಿಂತ ಮೊದಲು ಅದೇ ಓಡುತ್ತದಂತೆ. ನಾನು ಒಂದು ಕಾಯಿ ನಡೆಸಿದ ಕೂಡಲೇ ಅದನ್ನೇ ನೋಡುತ್ತ, "ಇವ ಇಲ್ಲಿಗೆ ಯಾಕೆ ಬಂದ?" ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. ಪ್ರತಿ ನಡೆಗೂ ಇದೇ ಪ್ರಶ್ನೆ. ಉತ್ತರ ಸಿಗುವ ತನಕ ಕೈ ಹೊರಗೆ ಬರುತ್ತಿರಲಿಲ್ಲ. ಬಸ್ಸು ಓಡಿಸುವುದೂ ಹೀಗೆಯೇ ಎನ್ನುತ್ತಿದ್ದರು. ರಸ್ತೆ ಬದಿಯಲ್ಲಿ ನಿಂತವನನ್ನು ನೋಡಿದರೆ ಸಾಲದು, ಅವನು ಮುಂದೆ ಏನು ಮಾಡುತ್ತಾನೆಂದು ನೋಡಬೇಕು.

ನನ್ನ ಸ್ವಭಾವ ಇದಕ್ಕೆ ಪೂರಾ ವಿರುದ್ಧ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆಟ ಕೈಬಿಟ್ಟು ಹೋಗುತ್ತಿದೆ ಎಂದು ಗೊತ್ತಾದರೆ ಕಿವಿ ಬಿಸಿಯಾಗುತ್ತದೆ, ಹಾಳಾಗಿ ಹೋಗಲಿ ಎಂದು ಒಂದು ಕಾಯಿ ದೂಡುತ್ತೇನೆ, ಅದರಿಂದಲೇ ಹಾಳಾಗಿ ಹೋಗುತ್ತೇನೆ. ಕಾಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ನನ್ನಿಂದ ತಪ್ಪು ಮಾಡಿಸಬೇಕೆಂದು ಅನ್ನಿಸಿದರೆ ಅವರು ನನ್ನನ್ನು ಹೊಗಳುತ್ತಿದ್ದರು. "ಒಳ್ಳೆ ನಡೆ ರೈಟ್ರೇ, ಭಾರೀ ಒಳ್ಳೆ ನಡೆ." ನಾನು ಉಬ್ಬಿ ಮತ್ತೆರಡು ಹೆಜ್ಜೆ ಮುಂದೆ ಹೋದರೆ ಒಂದು ಕುದುರೆ ಮಾಯ. ಏಳು ವರ್ಷದಲ್ಲಿ ನಾನು ಗೆದ್ದದ್ದು ಬೆರಳೆಣಿಕೆಯಷ್ಟು. ಅದರಲ್ಲಿಯೂ ಎರಡು ರಂಜಾನ್ ಉಪವಾಸದ ದಿನಗಳು.

ಸೋತು ಸೋತು ನನಗೆ ಹಠ ಹಿಡಿಯಿತು. ಪುಸ್ತಕ ಓದಿದೆ, ಮೊಬೈಲಿನಲ್ಲಿ ಆಡಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಬುದ್ಧಿ ಬಂತು. ಚೆಸ್ಸನ್ನು ಕಲಿಯುವುದಕ್ಕಿಂತ ಎದುರು ಕೂತವನನ್ನು ಕಲಿಯುವುದು ಬೇಗ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಕಾಕನ ಬಗ್ಗೆ ಬರೆಯಲು ಶುರು ಮಾಡಿದೆ. ಕುದುರೆಯನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಬಂಗುಡೆ ಮೀನಿನ ಸಾರು ತಿಂದ ದಿನ ಆಟ ನಿಧಾನ. ಗೆಲ್ಲುವ ದಾರಿ ಕಂಡರೆ ಗಡ್ಡ ಮುಟ್ಟಿಕೊಳ್ಳುತ್ತಾರೆ. ಹೀಗೆ. ನೋಟ್‌ಬುಕ್ಕು ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು, ಕಾಕನಿಗೆ ಗೊತ್ತಿರಲಿಲ್ಲ. ಎದುರಾಳಿಯ ದೋಷ ಕಂಡರೆ ಬಾಯಿ ಮುಚ್ಚಿಕೊಂಡಿರಬೇಕು, ಆಡುವವರಿಗೆಲ್ಲ ಗೊತ್ತಿರುವ ಮಾತು ಅದು. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ.

ಹೋದ ವರ್ಷ ಜೂನ್ ತಿಂಗಳು, ಶಾಲೆ ಶುರುವಾದ ಸೋಮವಾರ, ನಾನು ಗೆದ್ದೆ. ಬೋರ್ಡಿನ ಬಡಗು ಅಂಚಿನಲ್ಲಿ ಕಾಕನ ಆನೆ ನಿಂತಿತ್ತು. ಓರೆಯಾಗಿ ನಡೆಯುವ ನನ್ನ ಒಂಟೆ ಅದನ್ನು ನೋಡುತ್ತ ಮೂರು ನಡೆ ಕಾದಿತು. ಕಾಕ ಆನೆಯನ್ನು ಸರಿಸಲೂ ಇಲ್ಲ, ಕಾಯಲೂ ಇಲ್ಲ. ಇದೇನೋ ಬಲೆ ಇರಬೇಕೆಂದು ನಾನು ಹೆದರಿದೆ. ನಾಲ್ಕನೆಯ ನಡೆಗೆ ತಡೆಯಲಾಗದೆ ಆನೆಯನ್ನು ಹೊಡೆದೆ. ಬಲೆ ಇರಲಿಲ್ಲ.

"ಇದು ಎಲ್ಲಿಂದ ಬಂತು ಮಾರಾಯ್ರೆ?" ಎಂದರು ಕಾಕ. ಮುಖದಲ್ಲಿ ನಿಜವಾದ ಆಶ್ಚರ್ಯ.

ನಾನು ಆ ಸಂಜೆ ಕ್ಯಾಂಟೀನಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಮನೆಗೆ ಹೋದೆ.

ಮರುವಾರ ಮತ್ತೆ ಗೆದ್ದೆ, ಮತ್ತೆ ಬಡಗು ಬದಿಯಿಂದ. ನೋಟ್‌ಬುಕ್ಕಿನಲ್ಲಿ ನಾನು ಬರೆದ ವಾಕ್ಯ ಇದು: 'ಬಡಗು ದಿಕ್ಕಿಗೆ ಬೇಲಿ ಇಲ್ಲ.' ಪುಸ್ತಕ ಓದಿ ಆಡುವವನಾಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ. ಯಾಕೆಂದರೆ ಕಾಕ ಬಿಳಿ ಹಿಡಿದ ದಿನ ರಾಣಿಯ ಬದಿಯಲ್ಲಿ ತಪ್ಪು ಮಾಡುತ್ತಿದ್ದರು, ಕಪ್ಪು ಹಿಡಿದ ದಿನ ರಾಜನ ಬದಿಯಲ್ಲಿ. ನನಗೆ ಅಂಥ ಗೊಂದಲವೇ ಇರಲಿಲ್ಲ. ಯಾವ ಬಣ್ಣವಾದರೇನು, ಬಡಗು ಬಡಗೇ. ನನ್ನ ಕಸುಬಿನ ಬುದ್ಧಿ ಚೆಸ್ಸಿಗೂ ಉಪಯೋಗಕ್ಕೆ ಬಂತೆಂದು ಹೆಮ್ಮೆಪಟ್ಟೆ. ಬಡಗು ಬದಿ ಯಾವಾಗಲೂ ಕಾಕನ ಎಡಗೈಯ ಬದಿ ಎಂದು ನನಗೆ ಹೊಳೆಯಲೇ ಇಲ್ಲ. ಎಡ ಎನ್ನುವ ಶಬ್ದವನ್ನು ನಾನು ಮೂವತ್ತು ವರ್ಷದ ಹಿಂದೆಯೇ ಬಿಟ್ಟಿದ್ದೆನಲ್ಲ.

ಆಷಾಢ ಕಳೆಯುವ ಹೊತ್ತಿಗೆ ನಾನು ವಾರದಲ್ಲಿ ಮೂರು ಆಟ ಗೆಲ್ಲುತ್ತಿದ್ದೆ, ನವರಾತ್ರಿಯ ಹೊತ್ತಿಗೆ ಸೋಲುವುದೇ ಅಪರೂಪ. ನನ್ನ ಸೊಕ್ಕು ಕೇಳಬೇಡಿ. ನೋಂದಣಿ ಕಚೇರಿಯ ಗುಮಾಸ್ತರಿಗೆ, ಎದುರಿನ ಕ್ಯಾಂಟೀನಿನವನಿಗೆ, ಜಾಗ ಮಾರಲು ಬಂದವರಿಗೆ ಕೂಡ ನನ್ನ ಗೆಲುವಿನ ವರದಿ ಕೊಡುತ್ತಿದ್ದೆ. ಮನೆಯಲ್ಲಿ ಒಂದು ದಿನ ಹೀಗೆ ಕೊಚ್ಚಿಕೊಳ್ಳುತ್ತಿದ್ದಾಗ ಹೆಂಡತಿ ಬಸಳೆ ಸೋಸುತ್ತಿದ್ದವಳು ತಲೆಯೆತ್ತಿ ಕೇಳಿದಳು.

"ಏಳು ವರ್ಷ ಗೆದ್ದವರು ಈಗ ಯಾಕೆ ಸೋಲ್ತಾರೆ? ಕಾಕನಿಗೆ ಹುಷಾರು ಉಂಟಲ್ಲ?"

ನನಗೆ ಬೆಂಕಿ ಹತ್ತಿದಂತಾಯಿತು. "ನಾನು ಗೆದ್ದದ್ದು ಅಂತ ಹೇಳ್ಲಿಕ್ಕೆ ನಿನಗೆ ಆಗುವುದಿಲ್ಲ ಅಲ್ವಾ?" ಎಂದು ಕೂಗಿ ಎದ್ದುಹೋದೆ. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಯೋಚಿಸಲಿಲ್ಲ. ಸೋತ ಆಟವನ್ನು ನಾನು ಮಲಗಿದಲ್ಲಿಯೂ ಬಿಚ್ಚಿ ಬಿಚ್ಚಿ ನೋಡುತ್ತಿದ್ದವ, ಗೆದ್ದ ಆಟವನ್ನು ಒಂದು ದಿನವೂ ತೆರೆದು ನೋಡಿದವನಲ್ಲ. ಗೆದ್ದವನಿಗೆ ಕಾರಣ ಮೊದಲೇ ಗೊತ್ತಿರುತ್ತದೆ. ಕಾರಣ ನಾನೇ.

ಕಣ್ಣಿಗೆ ಬಿದ್ದದ್ದು ಇಷ್ಟೇ ಅಲ್ಲ. ಚಾದ ಗ್ಲಾಸು ಬೆಂಚಿನ ಬಡಗು ಬದಿಯಲ್ಲಿ ಇಟ್ಟರೆ ಕಾಕನ ಮೊಣಕೈ ತಾಗಿ ಬೀಳುತ್ತಿತ್ತು. ಎರಡು ಸಲ ನನ್ನ ಪಂಚೆ ಚಾದಲ್ಲಿ ಮಿಂದಿತು. ಬಸ್ಸಿನ ಒಂದು ಬದಿಯ ಕನ್ನಡಿ ಆಗಾಗ ಒಡೆಯುತ್ತಿತ್ತು. ಸಿದ್ಧಕಟ್ಟೆಯಲ್ಲಿ ಬಸ್ಸು ಒಬ್ಬ ಹೆಂಗಸಿನ ಕೈಚೀಲಕ್ಕೆ ತಾಗಿ ಒಣಮೀನು ರಸ್ತೆಯುದ್ದಕ್ಕೆ ಚೆಲ್ಲಿತ್ತು. ಆಕೆ ಕಾಕನ ಏಳು ತಲೆಮಾರನ್ನು ಬೈದ ಕಥೆಯನ್ನು ಕಂಡಕ್ಟರ್ ಅಭಿನಯಿಸಿ ತೋರಿಸಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಈಗ ನಾನು ಎದುರಿನ ಬಾಗಿಲಲ್ಲಿ ನಿಂತು ರೈಟ್ ರೈಟ್ ಅನ್ನದಿದ್ರೆ ಕಾಕ ಬಸ್ಸೇ ತೆಗೆಯುವುದಿಲ್ಲ, ವಯಸ್ಸಾಯ್ತು" ಎಂದು ಅವನು ಹೇಳಿದ್ದೂ ನೆನಪಿದೆ. ಕಾಕ ನಗುತ್ತ ಹಣೆಗೆ ಮುಲಾಮು ಉಜ್ಜಿಕೊಳ್ಳುತ್ತಿದ್ದರು. ಬೆಳಿಗ್ಗೆ ಎದ್ದರೆ ತಲೆನೋವಂತೆ.

"ಕಣ್ಣು ತೋರಿಸಿ ಕಾಕ" ಎಂದು ನಾನು ಬಾಯಿಮಾತಿಗೆ ಅಂದದ್ದುಂಟು.

"ತೋರಿಸಿದ್ದೇನೆ ಮಾರಾಯ್ರೆ. ಸ್ಟ್ಯಾಂಡಿನಲ್ಲಿ ಕ್ಯಾಂಪ್ ಇತ್ತಲ್ಲ. ಎಲ್ಲ ಅಕ್ಷರ ಓದಿದ್ದೇನೆ, ಕೆಳಗಿನ ಸಣ್ಣದು ಸಹ."

ಹಾಗಾದರೆ ಸರಿ ಎಂದು ರಾಣಿಯನ್ನು ಬಡಗಿಗೆ ನಡೆಸಿದೆ.

ದೀಪಾವಳಿ ಕಳೆದು ಎಂಟು ದಿನಕ್ಕೆ ಹಗಲಲ್ಲೇ ಗುಡುಗಿ ಮಳೆ ಬಂತು. ಕಾಕ ಕೂರುವ ತುದಿಯಲ್ಲಿ ಮಾಡಿನ ತಗಡು ತೂತಾಗಿ ನೀರು ಬೀಳಲು ಶುರುವಾಯಿತು. ಬೆಂಚು ಜರುಗಿಸಲು ಜಾಗ ಇಲ್ಲ. ಅವರನ್ನು ನನ್ನ ತುದಿಯಲ್ಲಿ ಕೂರಿಸಿ, ಬೋರ್ಡನ್ನು ತಿರುಗಿಸಿ, ನಾನು ತಲೆಗೆ ಒಂದು ಪ್ಲಾಸ್ಟಿಕ್ ಹಾಕಿಕೊಂಡು ಅವರ ತುದಿಗೆ ಹೋದೆ. ಏಳು ವರ್ಷದಲ್ಲಿ ಮೊದಲ ಸಲ ಕಾಕ ಪಡುವಣಕ್ಕೆ ಮುಖ ಮಾಡಿ ಕೂತರು. ಒಳಗೆ ಪಾಲುಪಟ್ಟಿ ಬರೆಸಲು ಬಂದ ಗಂಡ ಹೆಂಡತಿ ಮಳೆ ನೋಡುತ್ತ ಕಾಯುತ್ತಿದ್ದರು.

ನಾನು ರೂಢಿಯಂತೆ ಬಡಗು ಬದಿಯಿಂದ ಹೊರಟೆ. ಆಶ್ಚರ್ಯವೆಂದರೆ ಕಾಕ ನನ್ನ ಪ್ರತಿಯೊಂದು ನಡೆಗೂ ಮೊದಲೇ ಕಾದು ಕೂತಿದ್ದರು. "ಇವ ಇಲ್ಲಿಗೆ ಯಾಕೆ ಬಂದ?" ಎಂದು ಕೇಳಿಕೊಂಡರು, ಉತ್ತರ ಹುಡುಕಿದರು, ನನ್ನ ರಾಣಿಯನ್ನು ಓಡಿಸಿದರು. ಹಳೆಯ ಕಾಕ ವಾಪಸ್ ಬಂದಿದ್ದರು. ನನ್ನ ಕಿವಿ ಬಿಸಿಯಾಯಿತು. ಬಡಗು ಬದಿಗೆ ರಾತೋರಾತ್ರಿ ಬೇಲಿ ಹಾಕಿದ್ದು ಯಾರು?

ಆಗ ತೆಂಕು ಮೂಲೆಯನ್ನು ನೋಡಿದೆ. ಕಾಕನ ಆನೆ ಅಲ್ಲಿ ಅನಾಥವಾಗಿ ನಿಂತಿತ್ತು. ನನ್ನ ಒಂಟೆ ಆ ಗೆರೆಯಲ್ಲಿಯೇ ಇತ್ತು, ಆದರೆ ಅದನ್ನು ನಾನು ದಾಳಿಗೆಂದು ಇಟ್ಟದ್ದಲ್ಲ. ಎಳೆಯ ಮಗುವಿಗೂ ಕಾಣುವಂಥ ಹೊಡೆತ. ಕಾಕ ಅದನ್ನು ಬಿಟ್ಟು ಬಡಗಿನಲ್ಲಿ ಒಂದು ಪದಾತಿಯನ್ನು ಭದ್ರ ಮಾಡಿದರು.

ನಾನು ಒಂಟೆಯ ಮೇಲೆ ಕೈ ಇಟ್ಟೆ. ಎತ್ತಲಿಲ್ಲ.

"ಕಾಕ, ನಿಮ್ಮ ಆನೆ ಎಷ್ಟು ಉಂಟು?" ಎಂದು ಕೇಳಿದೆ.

"ಒಂದು."

"ಒಂದೇ?"

"ಇನ್ನೊಂದನ್ನು ನೀವು ಆಗಲೇ ತೆಗೆದ್ರಲ್ಲ ಮಾರಾಯ್ರೆ" ಎಂದರು ಬೋರ್ಡಿನಿಂದ ಕಣ್ಣು ತೆಗೆಯದೆ.

ನಾನು ತೆಗೆದಿರಲಿಲ್ಲ. ಎರಡೂ ಆನೆಗಳು ಬೋರ್ಡಿನ ಮೇಲೆ ಇದ್ದವು. ಒಂದು ಅವರ ಎಡಗೈಗೆ ಒಂದು ಗೇಣು ದೂರದಲ್ಲಿ. ಎಡಗೈ. ಆ ಶಬ್ದ ಆಗ ನನ್ನ ತಲೆಯೊಳಗೆ ಬಂತು. ಅದರ ಹಿಂದೆಯೇ ಚಾದ ಗ್ಲಾಸು ಬಂತು, ಕನ್ನಡಿ ಬಂತು, ಒಣಮೀನು ಬಂತು, ಬಾಗಿಲಲ್ಲಿ ನಿಂತ ಕಂಡಕ್ಟರ್ ಬಂದ. ಐದು ತಿಂಗಳು. ನಮ್ಮ ರಸ್ತೆಯಲ್ಲಿ ಜನ ನಡೆಯುವುದು, ಸೈಕಲ್ ದೂಡುವುದು, ಬಸ್ಸಿಗೆ ಕೈ ತೋರಿಸುವುದು ಎಲ್ಲ ಬಸ್ಸಿನ ಎಡಕ್ಕೇ.

ಕಂಡಕ್ಟರ್ ವಿಸಿಲ್ ಊದಿದ. ಕಾಕ ಎದ್ದರು. ಅಂಗಡಿಯಿಂದ ಹೊರಗೆ ಹೋಗುವಾಗ ಅವರ ಎಡ ಭುಜ ಬಾಗಿಲ ಕಂಬಕ್ಕೆ ತಾಗಿತು. ಅವರು ಕಂಬವನ್ನು ತಿರುಗಿ ಕೂಡ ನೋಡಲಿಲ್ಲ, ಅಷ್ಟು ರೂಢಿಯಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಏನೆಂದು ಹೇಳುವುದು? ನಲವತ್ತು ವರ್ಷ ಸ್ಟಿಯರಿಂಗ್ ಹಿಡಿದವರಿಗೆ, ತುಂಬಿದ ಬಸ್ಸಿನ ಎದುರು, ನಿಮಗೆ ಕಣ್ಣು ಕಾಣುವುದಿಲ್ಲ ಎನ್ನುವುದಾ? ನನ್ನ ಬಾಯಿಯಿಂದ ಬಂದದ್ದು, "ಮಳೆ ಉಂಟು ಕಾಕ, ನಿಧಾನ." ಅವರು ಕೈ ಎತ್ತಿ ಬಸ್ ಹತ್ತಿದರು. ಇಂಜಿನ್ ಶುರುವಾದಾಗ ನಾನು ಗಂಡ ಹೆಂಡತಿಯರನ್ನು ಅಲ್ಲಿಯೇ ಬಿಟ್ಟು ಓಡಿಹೋಗಿ ಮುಂದಿನ ಬಾಗಿಲಿನಿಂದ ಹತ್ತಿಕೊಂಡೆ.

ಬಾಗಿಲ ಪಕ್ಕದ ಕಂಬ ಹಿಡಿದು ನಿಂತೆ. ಅಂಥ ಪ್ರಯಾಣವನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ಎದುರಿನಿಂದ ಬರುವ ಲಾರಿಗೆ, ಓವರ್‌ಟೇಕ್ ಮಾಡುವ ಕಾರಿಗೆ ಕಾಕ ಎಷ್ಟು ಚಂದ ದಾರಿ ಕೊಡುತ್ತಿದ್ದರು. ಬಲಬದಿಯಲ್ಲಿ ಅವರ ಸಮ ಇನ್ನೊಬ್ಬ ಡ್ರೈವರಿಲ್ಲ. ಎಡಬದಿಯಲ್ಲಿ ಚಕ್ರ ಡಾಂಬರು ಬಿಟ್ಟು ಕೆಸರಿಗೆ ಇಳಿದು ಹತ್ತುತ್ತಿತ್ತು. ಕೊಡೆ ಹಿಡಿದು ನಡೆಯುತ್ತಿದ್ದ ಅಜ್ಜಿಯೊಬ್ಬಳು ಬೇಲಿಗೆ ಒರಗಿ ನಿಂತದ್ದನ್ನು ಕಂಡೆ. ಕಲ್ವರ್ಟಿನ ಕಟ್ಟೆಯ ಮೇಲೆ ಕೂತ ಇಬ್ಬರು ಬಸ್ಸಿನ ಸದ್ದಿಗೇ ಕಾಲು ಮೇಲೆತ್ತಿಕೊಂಡರು. ಅವರಿಗೆಲ್ಲ ಈ ಬಸ್ಸಿನ ಬುದ್ಧಿ ನನಗಿಂತ ಮೊದಲೇ ಗೊತ್ತಾಗಿತ್ತು. ಕಂಡಕ್ಟರ್ ಬಾಗಿಲಲ್ಲಿಯೇ ನಿಂತು ರೈಟ್ ರೈಟ್ ಎನ್ನುತ್ತಿದ್ದ. ಆಮೇಲೆ ಒಂದು ಸ್ಟಾಪಿನಲ್ಲಿ ಜನ ತುಂಬಿದರು, ಅವನು ಟಿಕೆಟ್ ಕೊಡಲು ಹಿಂದೆ ಹೋದ. ಬಾಗಿಲು ಖಾಲಿಯಾಯಿತು.

ವೇಣೂರಿನ ಸೇತುವೆ ಇನ್ನೂ ಅರ್ಧ ಮೈಲು ಇರುವಾಗ ಒಂದು ತಿರುವು ಇದೆ. ಅಲ್ಲಿ ಒಬ್ಬ ಮನುಷ್ಯ ಸೈಕಲ್ಲಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ದೂಡುತ್ತ ಹೋಗುತ್ತಿದ್ದ. ಅವನ ಬೆನ್ನು ನಮ್ಮ ಕಡೆಗೆ. ಬಸ್ಸು ನೇರ ಅವನ ಮೇಲೆಯೇ ಹೋಗುತ್ತಿತ್ತು. ನಾನು ಕೂಗಿದೆ.

"ಬಡಗು! ಕಾಕ, ಬಡಗು ಬದಿ!"

ಹೌದು, ಹಾಗೆಯೇ ಕೂಗಿದೆ. ಮೂವತ್ತು ವರ್ಷದ ಚಾಳಿ. ಓಡುವ ಬಸ್ಸಿನಲ್ಲಿ ಯಾರಿಗೆ ಬಡಗು ಗೊತ್ತಾಗಬೇಕು? ಕಾಕ ಅರ್ಥವಾಗದೆ ಬಲಕ್ಕೆ ತಿರುಗಿ ನನ್ನನ್ನು ಹುಡುಕಿದರು. ನಾನು ನಿಂತಿದ್ದದ್ದು ಅವರ ಎಡಕ್ಕೆ.

"ಎಡ! ಎಡ! ಬ್ರೇಕ್ ಹಾಕಿ!"

ಬಸ್ಸು ಕಿರುಚಿ ನಿಂತಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಸೈಕಲ್ಲಿನವನು ರಸ್ತೆ ಬದಿಯ ನೀರಿನ ತೋಡಿಗೆ ಹಾರಿದ್ದ. ಸಿಲಿಂಡರ್ ಉರುಳಿ ಬಸ್ಸಿನ ಚಕ್ರಕ್ಕೆ ತಾಗಿ ನಿಂತಿತ್ತು. ಅವನು ಮೊಣಕಾಲು ತರಚಿಕೊಂಡು ಎದ್ದು, ಬಾಯಿಗೆ ಬಂದದ್ದನ್ನೆಲ್ಲ ಬೈದ. ಅವನ ಬೈಗುಳ ಕೇಳಿ ನನಗೆ ಅಳು ಬಂತು. ಬೈಯುವವ ಬದುಕಿದ್ದಾನೆ.

"ಯಾರು? ಎಲ್ಲಿ?" ಎಂದು ಕಾಕ ಕೇಳುತ್ತಿದ್ದರು. ಆ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ.

ಬೆಳ್ತಂಗಡಿ ತಾಲೂಕು ಕಚೇರಿಗೆ ಹೋಗುವವರು ಟೈಮಾಯಿತು ಎಂದು ಗಲಾಟೆ ಶುರು ಮಾಡಿದರು. ಕಾಕ ಗೇರಿನ ಮೇಲೆ ಕೈ ಇಟ್ಟರು. ನಾನು ಆ ಕೈಯನ್ನು ಹಿಡಿದುಕೊಂಡೆ. "ಒಂದು ನಿಮಿಷ ಕಾಕ. ನನ್ನ ಮೂಗನ್ನೇ ನೋಡಿ. ಕಣ್ಣು ಆಚೀಚೆ ಮಾಡ್ಬೇಡಿ" ಎಂದೆ. ಅವರ ಎದುರಿಗೆ ಬಗ್ಗಿ ಅವರ ಬಲಬದಿಯಲ್ಲಿ ಬೆರಳು ತೋರಿಸಿದೆ. "ಎರಡು" ಎಂದರು. ಇನ್ನೂ ದೂರ ಹಿಡಿದೆ. "ಮೂರು." ಆಮೇಲೆ ಎಡಬದಿಯಲ್ಲಿ ಐದೂ ಬೆರಳು ಬಿಚ್ಚಿ ಹಿಡಿದೆ.

"ತೋರಿಸಿ" ಎಂದರು ಕಾಕ.

"ತೋರಿಸ್ತಾ ಇದ್ದೇನೆ ಕಾಕ."

ಗಲಾಟೆ ಮಾಡುತ್ತಿದ್ದವರು ಕತ್ತು ಚಾಚಿ ನೋಡಿದರು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಕ ನನ್ನ ಮೂಗನ್ನು ನೋಡುತ್ತಲೇ ಇದ್ದರು, ಬಹಳ ಹೊತ್ತು, ಬೋರ್ಡಿನ ಮುಂದೆ ಕೂತ ಹಾಗೆಯೇ. ಆಮೇಲೆ ನಿಧಾನವಾಗಿ ಮುಖವನ್ನು ಎಡಕ್ಕೆ ತಿರುಗಿಸಿದರು. ನನ್ನ ಕೈ ಕಂಡಿತು. ಇಂಜಿನ್ ಬಂದ್ ಮಾಡಿ, ಕೀ ತೆಗೆದು, ಕಂಡಕ್ಟರನಿಗೆ ಕೊಟ್ಟರು. "ಇವರನ್ನು ಹಿಂದೆ ಬರುವ ಬಸ್ಸಿಗೆ ಹತ್ತಿಸು. ಓನರಿಗೆ ಫೋನ್ ಮಾಡು" ಎಂದರು.

ಜನ ಇಳಿದು ಹೋದ ಮೇಲೆ ನಾವಿಬ್ಬರೇ ಉಳಿದೆವು. ಬಸ್ಸಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು.

"ಯಾವಾಗಿಂದ ಗೊತ್ತು ರೈಟ್ರೇ?"

"ಇವತ್ತು. ಈಗ, ಆಡುವಾಗ."

ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. "ಜೂನ್‌ನಿಂದ ನೀವು ಆ ಬದಿಯಿಂದಲೇ ಬರ್ತಾ ಇದ್ದೀರಲ್ಲ" ಎಂದರು. ಸಿಟ್ಟಿರಲಿಲ್ಲ. ಒಂದು ಆಟವನ್ನು ಹಿಂದಕ್ಕೆ ಆಡಿಕೊಂಡು ಹೋಗಿ ತಪ್ಪು ಎಲ್ಲಾಯಿತೆಂದು ನೋಡುವವರ ದನಿ.

ಮಂಗಳೂರಿನ ಆಸ್ಪತ್ರೆಗೆ ನಾನೂ ಹೋದೆ. ಕಾಕನ ಹೆಂಡತಿ, ಗಲ್ಫಿನಿಂದ ರಜೆ ಹಾಕಿ ಬಂದ ದೊಡ್ಡ ಮಗ, ನಾನು. ಡಾಕ್ಟರು ತಲೆಯ ಸ್ಕ್ಯಾನಿನ ಫೋಟೋ ತೋರಿಸಿದರು. ಕಣ್ಣಿನಲ್ಲಿ ಏನೂ ದೋಷವಿಲ್ಲ, ತಲೆಯ ಹಿಂಭಾಗದಲ್ಲಿ ಬಲಕ್ಕೆ ಒಂದು ಗಡ್ಡೆ. ಎಡಬದಿಯ ನೋಟವೆಲ್ಲ ಆ ಜಾಗಕ್ಕೆ ಹೋಗಿ ಮುಟ್ಟಬೇಕು, ಅದನ್ನು ಗಡ್ಡೆ ಒತ್ತುತ್ತಿದೆ. ನಿಧಾನವಾಗಿ ಬೆಳೆದದ್ದರಿಂದ ಇವರಿಗೆ ಕತ್ತಲಾದದ್ದು ಗೊತ್ತಾಗಲಿಲ್ಲ. ಕಾಣದ ಜಾಗ ಕಪ್ಪಾಗಿ ಕಾಣುವುದಿಲ್ಲವಂತೆ, ಇಲ್ಲವೇ ಇಲ್ಲ ಎನ್ನುವ ಹಾಗೆ ಇರುತ್ತದಂತೆ.

"ಇದು ಶುರುವಾದದ್ದು ಯಾವಾಗ? ಅಂದಾಜು ಹೇಳ್ತೀರಾ?" ಎಂದು ಡಾಕ್ಟರು ಕೇಳಿದರು.

ಕಾಕನ ಹೆಂಡತಿ ಮಗನ ಮುಖ ನೋಡಿದರು. ಮಗ ತಂದೆಯ ಮುಖ ನೋಡಿದ. ಕಾಕ ತಲೆ ತಗ್ಗಿಸಿ, "ರೈಟ್ರಿಗೆ ಗೊತ್ತುಂಟು" ಎಂದರು.

ನಾನು ಹೇಳಿದೆ. ಜೂನ್ ತಿಂಗಳು, ಶಾಲೆ ಶುರುವಾದ ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಡಾಕ್ಟರು ಕೇಳಿದಾಗ ಅದನ್ನೂ ಹೇಳಬೇಕಾಯಿತು. ಅವರು ಬರೆದುಕೊಂಡರು. ನನ್ನ ಗೆಲುವಿನ ದಿನ ಕಾಕನ ಫೈಲಿನಲ್ಲಿ ರೋಗ ಕಾಣಿಸಿದ ದಿನವಾಗಿ ಕೂತಿತು. ಆಗಲೇ ಬಂದಿದ್ದರೆ ಗಡ್ಡೆ ಇಷ್ಟು ದೊಡ್ಡದಾಗುತ್ತಿರಲಿಲ್ಲ, ನೋಟ ಉಳಿಯುವ ಸಾಧ್ಯತೆ ಇತ್ತು ಎಂದು ಡಾಕ್ಟರು ಸಹಜವಾಗಿಯೇ ಹೇಳಿದರು.

ಆಪರೇಷನ್ ಆಯಿತು. ಜೀವಕ್ಕೆ ಅಪಾಯ ಇಲ್ಲ. ಎಡಬದಿ ಮರಳಿ ಬರಲಿಲ್ಲ, ಇನ್ನು ಬರುವುದೂ ಇಲ್ಲವಂತೆ. ಬಸ್ಸಿಗೆ ಬೇರೆ ಡ್ರೈವರ್ ಬಂದಿದ್ದಾನೆ. ಅವನು ನಿಲ್ದಾಣದಲ್ಲಿ ನಲವತ್ತು ನಿಮಿಷ ಸೀಟಿನಲ್ಲಿಯೇ ಮಲಗುತ್ತಾನೆ.

ಕಾಕನನ್ನು ನೋಡಲು ಮಾಣಿಯ ಹತ್ತಿರದ ಅವರ ಮನೆಗೆ ಹೋದದ್ದು ಜನವರಿಯಲ್ಲಿ. ಜಗಲಿಯ ಕುರ್ಚಿಯಲ್ಲಿ ತಲೆಗೆ ಟೋಪಿ ಹಾಕಿಕೊಂಡು ಕೂತಿದ್ದರು. ರಸ್ತೆಯಲ್ಲಿ ಬಸ್ಸು ಹೋದಾಗ ಸದ್ದಿನಿಂದಲೇ ಯಾವುದೆಂದು ಹೇಳುತ್ತಿದ್ದರು. ಬೋರ್ಡು ತಂದಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ತಾರದೆ ಇದ್ದದ್ದು ಒಳ್ಳೆಯದಾಯಿತೋ ಇಲ್ಲವೋ ಎಂದು ಅವರ ಮುಖದಿಂದ ಓದಲು ನನಗೆ ಆಗಲಿಲ್ಲ.

ಅವರ ಹೆಂಡತಿ ಚಾ ತಂದರು. ಗಂಡನ ಗ್ಲಾಸನ್ನು ಅವರ ಬಲಗೈಗೆ ಮುಟ್ಟಿಸಿ ಇಟ್ಟರು. ನನ್ನದನ್ನು ಕೊಟ್ಟು ಬಾಗಿಲ ಹತ್ತಿರ ನಿಂತರು. ಆಸ್ಪತ್ರೆಯಲ್ಲಿ ಒಂದು ಮಾತೂ ಆಡದಿದ್ದವರು ಆಗ ಕೇಳಿದರು.

"ಅಷ್ಟು ತಿಂಗಳು ದಿನಾ ಎದುರಿಗೆ ಕೂತದ್ದು ನೀವು, ರೈಟ್ರೇ. ನಮಗಂತೂ ಗೊತ್ತಾಗ್ಲಿಲ್ಲ. ನಿಮಗೆ ಒಂದು ಸಲವೂ ಎಂತದೋ ಆಗಿದೆ ಅಂತ ಕಾಣ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಮೂವತ್ತು ವರ್ಷ ಜನರ ಸುಳ್ಳು ನಿಜಗಳನ್ನು ಚಂದದ ಭಾಷೆಗೆ ಇಳಿಸಿದವ ನಾನು. ಕಾಕ ಕುರ್ಚಿಯಲ್ಲಿ ಸ್ವಲ್ಪ ತಿರುಗಿ, ನನ್ನನ್ನು ತಮ್ಮ ಬಲಬದಿಗೆ ತಂದುಕೊಂಡು, ಉತ್ತರಕ್ಕಾಗಿ ಕಾಯುತ್ತಿದ್ದರು.

"ನಾನು ಚೆನ್ನಾಗಿ ಆಡ್ಲಿಕ್ಕೆ ಕಲಿತೆ ಅಂತ ತಿಳ್ಕೊಂಡಿದ್ದೆ" ಎಂದೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿ ಒಳಗೆ ಹೋದರು. ನಾನು ಹೊರಡುವ ತನಕ ಹೊರಗೆ ಬರಲಿಲ್ಲ.